ನಿತ್ಯಾನಂದ ಭಟ್ಟರ ಮನೆಯ ಗೂಢಚಾರ

ವಿದ್ವಾನ್ ನಿತ್ಯಾನಂದ ಭಟ್ಟರು ಆ ಸೋಮವಾರ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಹಣೆಯ ಗಂಧ ಆರುವುದಕ್ಕೂ ಕಾಯದೆ ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಕುಳಿತದ್ದು ಒಬ್ಬ ಗೂಢಚಾರನನ್ನು ಹಿಡಿಯುವ ಸಂಕಲ್ಪದಿಂದ. ಸಂಕಲ್ಪವೆಂದರೆ ಮನಸ್ಸಿನಲ್ಲಿ ಸುಮ್ಮನೆ ಅಂದುಕೊಂಡದ್ದಲ್ಲ. ಅಕ್ಷತೆ ಹಿಡಿದು, ದೇಶಕಾಲಗಳನ್ನು ಉಚ್ಚರಿಸಿ, 'ಶರಾವತ್ಯಾಃ ಉತ್ತರೇ ತೀರೇ' ಎಂದು ಹೊನ್ನಾವರದ ವಿಳಾಸವನ್ನು ದೇವತೆಗಳಿಗೆ ಸ್ಪಷ್ಟಪಡಿಸಿ, 'ಗಣಕಯಂತ್ರಾಂತರ್ಗತ ಗೂಢಚಾರ ನಿವಾರಣಾರ್ಥಂ' ಎಂಬ ಹೊಸ ಸಮಾಸವೊಂದನ್ನು ನಿಂತ ನಿಲುವಿನಲ್ಲೇ ಕಟ್ಟಿ, ನೀರು ಬಿಟ್ಟು ಮಾಡಿದ್ದು. ಸಮಾಸದ ಸೊಗಸಿಗೆ ಅವರು ತಾವೇ ಒಂದು ಸಲ ತಲೆದೂಗಿದರು ಕೂಡ. ಆಮೇಲೆ ಅಂಥ ಗೂಢಚಾರರನ್ನು ಹುಡುಕುವ ಆಂಟಿಸ್ಪೈವೇರ್ ತಂತ್ರಾಂಶವನ್ನು ತೆರೆದು ಸ್ಕ್ಯಾನ್ ಗುಂಡಿಯನ್ನು ಒತ್ತಿದರು.

ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಹೊರಟಿತು. ಅರ್ಧ ದಾರಿಯನ್ನು ಉತ್ಸಾಹದಿಂದ ಕ್ರಮಿಸಿತು. ಅಲ್ಲಿಂದ ಮುಂದೆ ಅದರ ನಡಿಗೆ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ನಿಂತೇಬಿಟ್ಟಿತು. ಬಾಣದ ಗುರುತು ಅಲುಗಲಿಲ್ಲ, ಗಡಿಯಾರದ ಅಂಕೆ ಬದಲಾಗಲಿಲ್ಲ. ಯಂತ್ರಕ್ಕೆ ನಿರ್ವಿಕಲ್ಪ ಸಮಾಧಿ ಒದಗಿತ್ತು.

"ನಿಂತು ಹೋತಾ?" ಒಳಗಿನಿಂದ ಹೆಂಡತಿ ಜಯಶ್ರೀ ಕೇಳಿದರು.

"ನಿಂತಿದ್ದಲ್ಲ. ಯೋಚನೆ ಮಾಡ್ತಾ ಇದ್ದು."

"ನಿನ್ನೇನೂ ಹಂಗೇ ಹೇಳಿದ್ರಿ. ಕಡೆಗೆ ಕಿವಿ ಹಿಂಡಿ ಎಬ್ಬಿಸಿದ್ರಿ."

ಕಿವಿ ಹಿಂಡುವುದೆಂದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಬಲವಂತವಾಗಿ ಆರಿಸುವುದು. ನಾಲ್ಕು ದಶಕ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ, ಮೀಮಾಂಸೆ ಹೇಳಿದ ಭಟ್ಟರಿಗೆ, ನಿದ್ದೆಹೋದ ವಿದ್ಯಾರ್ಥಿಯ ಮೇಲೆ ಪ್ರಯೋಗಿಸುವ ಉಪಾಯ ಇಲ್ಲಿಯೂ ಫಲಿಸೀತೆಂಬ ನಂಬಿಕೆ ಹುಟ್ಟಿದ್ದು ಸಹಜವೇ. ಫಲಿತಾಂಶವೂ ಪಾಠಶಾಲೆಯದೇ: ಎದ್ದಿತು, ನಾಲ್ಕು ಹೆಜ್ಜೆ ನಡೆಯಿತು, ಮತ್ತೆ ನಿದ್ದೆಹೋಯಿತು.

ಗೂಢಚಾರನ ಅನುಮಾನ ಭಟ್ಟರಿಗೆ ಎಲ್ಲಿಂದ ಬಂತೆಂದು ಹೇಳಬೇಕಾದರೆ ಭಟ್ಕಳದ ಪ್ರಸಂಗವನ್ನು ಹೇಳಬೇಕು.

ಭಟ್ಟರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರದ ಪರವಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಯಾವ ಪ್ರಸಂಗವಾದರೂ ಭಟ್ಟರ ಪಾಲಿಗೆ ಬರುವುದು ದೂತನ ಪಾತ್ರ. ಸಂಧಿ ಮಾಡಿಕೊಳ್ಳೆಂದು ಶತ್ರುರಾಜನ ಸಭೆಯಲ್ಲಿ ವಾದಿಸುವ ಸೌಮ್ಯ, ಶಾಸ್ತ್ರೋಕ್ತ ದೂತ. ಎದುರಿಗೆ ರಾಜನಾಗಿ ಕೂರುವವರು ಹೆಚ್ಚಾಗಿ ಭಟ್ಕಳದ ರಾಜೀವ ಶಾನಭಾಗರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ಕೊಂಕಣಿ ಮನೆಮಾತಿನವರು, ಸಾಲ ಕೇಳಲು ಬಂದವರನ್ನು ನಗಿಸಿ ಬರಿಗೈಯಲ್ಲಿ ಕಳಿಸಿದ ಅನುಭವವನ್ನೆಲ್ಲ ಈಗ ರಾಜನ ಪಾತ್ರಕ್ಕೆ ಧಾರೆಯೆರೆದವರು.

ಕಳೆದ ತಿಂಗಳು ಭಟ್ಕಳದ ಕೂಟಕ್ಕೆಂದು ಭಟ್ಟರು ಹೊಸ ಹೊಸ ಮಾತುಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಕೂಟದಲ್ಲಿ ಗಂಟಲು ಸರಿಮಾಡಿಕೊಂಡು, "ಮಹಾರಾಜ, ಸಂಧಿಯೆಂಬುದು ಏನೆಂದು ಬಲ್ಲೆಯಾ?" ಎಂದು ಆರಂಭಿಸಿದ್ದಷ್ಟೇ. ಶಾನಭಾಗರು ಕೈಯೆತ್ತಿದರು.

"ತಡೆ ದೂತ. ಈಗ ನೀನು ಅಳಿವೆಯ ಮಾತೆತ್ತುವವನಿದ್ದೀ. ನದಿ ತನ್ನ ಹೆಸರನ್ನು ಬಿಡುತ್ತದೆ, ಕಡಲು ತನ್ನ ಹಟವನ್ನು ಬಿಡುತ್ತದೆ, ಎರಡೂ ಕೂಡಿದಲ್ಲಿ ಮೀನು ಸಮೃದ್ಧಿ ಎಂದು ಹೇಳುವೆ. ನಮ್ಮ ಅರಮನೆಯಲ್ಲಿ ಈ ತಿಂಗಳು ಮೀನು ಬೇಯಿಸುವುದಿಲ್ಲ. ಮುಂದಿನ ಮಾತು ಹೇಳು!"

ಸಭೆ ಗೊಳ್ಳೆಂದಿತು. ಮದ್ದಳೆಯವರು ಕೇಳದೆಯೇ ಒಂದು ಪೆಟ್ಟು ಹೆಚ್ಚಿಗೆ ಹಾಕಿದರು. ಭಟ್ಟರು ಸಾವರಿಸಿಕೊಂಡು ಎರಡನೆಯ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ, "ದೀಪದಿಂದ ದೀಪ ಹಚ್ಚುವ ಮಾತೂ ಬೇಡ. ಅದರ ಎಣ್ಣೆ ತೀರಿದೆ," ಎಂದರು ಶಾನಭಾಗರು. ಆಮೇಲೆ ಭಟ್ಟರು ಏನು ಹೇಳಿದರೋ ಅವರಿಗೇ ನೆನಪಿಲ್ಲ. ಕೂಟ ಮುಗಿದ ಮೇಲೆ ಸಂಘಟಕರು ಹಾರ ಹಾಕಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟರು. ಆ ಶಾಲಿನಷ್ಟು ಭಾರದ ಶಾಲು ಭಟ್ಟರ ಹೆಗಲ ಮೇಲೆ ಹಿಂದೆಂದೂ ಬಿದ್ದಿರಲಿಲ್ಲ.

ಮನೆಗೆ ಬಂದವರೇ ದೇವರ ಮುಂದೆ ನಿಂತು ಆಡಿದರು: "ಇನ್ನೊಮ್ಮೆ ಹೀಗಾದರೆ ಅರ್ಥ ಹೇಳುವುದನ್ನೇ ಬಿಟ್ಟೆ." ಹೇಳಿಯಾದ ಮೇಲೆ ಅವರಿಗೇ ಭಯವಾಯಿತು. ಪಾಠಶಾಲೆಯಿಂದ ನಿವೃತ್ತರಾದ ಮೇಲೆ ಅವರ ಮಾತನ್ನು ಕುಳಿತು ಕೇಳುವವರಿದ್ದದ್ದು ಆ ಕೂಟಗಳಲ್ಲಿ ಮಾತ್ರ. ಅದೂ ಹೋದರೆ ಉಳಿಯುವ ಶ್ರೋತೃ ಜಯಶ್ರೀ ಒಬ್ಬರು. ಅವರು ಎಂದಿನಿಂದಲೋ ಕೇಳುವುದನ್ನು ನಿಲ್ಲಿಸಿದ್ದರು. ಮುಂದಿನ ಕೂಟ ಬರುವ ಭಾನುವಾರ ಮಧ್ಯಾಹ್ನ ಕುಮಟಾದಲ್ಲಿ. ಎದುರಾಳಿ ಮತ್ತೆ ಅದೇ ರಾಜ.

ತರ್ಕಪಂಡಿತರು ತರ್ಕಕ್ಕೆ ಕುಳಿತರು. ನಾನು ಮಾತನ್ನು ಬರೆದದ್ದು ಯಂತ್ರದಲ್ಲಿ. ಅದು ತಲುಪಿದ್ದು ಶಾನಭಾಗರಿಗೆ. ನಡುವೆ ಮನುಷ್ಯರು ಯಾರೂ ಇಲ್ಲ. ಆದ್ದರಿಂದ ಯಂತ್ರದೊಳಗೇ ಒಬ್ಬನಿದ್ದಾನೆ. ಇದಕ್ಕೆ ಸರಿಯಾಗಿ ಆ ವಾರದ ಪತ್ರಿಕೆಯಲ್ಲಿ ಸ್ಪೈವೇರ್ ಎಂಬ ಪೀಡೆಯ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಅದು ಯಂತ್ರದೊಳಗೆ ಅಡಗಿ ಕುಳಿತು ಬರೆದದ್ದನ್ನೆಲ್ಲ ಓದಿ ಹೊರಗೆ ಸಾಗಿಸುತ್ತದಂತೆ. ಪರದೆಯ ಮೇಲಂಚಿನ ಕ್ಯಾಮೆರಾ ಕಣ್ಣಿನಿಂದ ಮನೆಯೊಳಗನ್ನೂ ನೋಡುತ್ತದಂತೆ. ಭಟ್ಟರಿಗೆ ರೋಮಾಂಚನವಾಯಿತು. ತಮ್ಮ ಮಾತಿಗಾಗಿ ಒಬ್ಬರು ಇಷ್ಟು ಶ್ರಮ ಪಡುವುದೆಂದರೆ! ಅವಮಾನದ ಅಡಿಯಲ್ಲಿ ಎಲ್ಲೋ ಒಂದಿಷ್ಟು ಹೆಮ್ಮೆಯೂ ಇತ್ತೆಂಬುದನ್ನು ಅವರು ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

ಆ ಕ್ಯಾಮೆರಾ ಕಣ್ಣಿಗೆ ಮೊದಲು ಮುಸುಕು ಬೇಕಲ್ಲ? ಅದಕ್ಕೆ ಶಾಲು ಬಂತು.

ಭಟ್ಟರ ಮನೆಯಲ್ಲಿ ಅಕ್ಕಿಯ ಡಬ್ಬ ಖಾಲಿಯಾದದ್ದುಂಟು, ಸನ್ಮಾನದ ಶಾಲಿನ ಕಪಾಟು ಖಾಲಿಯಾದದ್ದಿಲ್ಲ. ಕೆಂಪು, ಹಸಿರು, ಕೇಸರಿ. ಜರಿಯಂಚಿನವು, ಜರಿಯ ಆಸೆ ತೋರಿಸುವಂಥವು. ಶಾಲೆಯ ವಾರ್ಷಿಕೋತ್ಸವದವು, ಸಹಕಾರಿ ಸಂಘದ ಬೆಳ್ಳಿಹಬ್ಬದವು. ಹೊದೆಯಲು ಈ ಕರಾವಳಿಯಲ್ಲಿ ಚಳಿಯಿಲ್ಲ, ಯಾರಿಗಾದರೂ ಕೊಡಲು ಮನಸ್ಸಿಲ್ಲ. ವಿದ್ಯೆಯ ಉಪಕರಣವನ್ನು ಬರಿಯ ಹಲಗೆಯ ಮೇಲೆ ಇಡಬಾರದೆಂದು ಅವರು ಮೊದಲ ದಿನದಿಂದಲೂ ಲ್ಯಾಪ್‌ಟಾಪನ್ನು ವ್ಯಾಸಪೀಠದ ಮೇಲೆ, ನಾಲ್ಕು ಮಡಿಕೆಯ ಶಾಲು ಹಾಸಿ ಕೂರಿಸುತ್ತಿದ್ದರು. ಈಗ ಗೂಢಚಾರನ ಕಣ್ಣು ಕಟ್ಟಲು ಮೇಲಿನಿಂದಲೂ ಒಂದು ಶಾಲು ಹೊದಿಸಿದರು. ಸ್ಕ್ಯಾನ್ ಶುರುಮಾಡುವುದು, ಹೊದಿಸುವುದು, ನಡುನಡುವೆ ಅಂತರಪಟದ ಸಂದಿಯಿಂದ ವಧುವನ್ನು ಇಣುಕುವ ವರನಂತೆ ಅಂಚನ್ನೆತ್ತಿ ಹಸಿರು ಪಟ್ಟಿಯನ್ನು ನೋಡುವುದು. ಅದು ನಿಂತಿತೆಂದರೆ, 'ಒಳಗಿನವನಿಗೆ ಸುಳಿವು ಸಿಕ್ಕಿತು. ನೋಡಿಬಿಟ್ಟ' ಎಂದು ತೀರ್ಮಾನಿಸಿ ಇನ್ನೊಂದು ಶಾಲು ಹೊದಿಸುವುದು.

ಹೀಗೆ ಸ್ಕ್ಯಾನ್ ನಿಂತ ಹಾಗೆಲ್ಲ ಶಾಲು ಏರಿತು. ಶಾಲು ಏರಿದ ಹಾಗೆಲ್ಲ ಸ್ಕ್ಯಾನ್ ಇನ್ನೂ ಬೇಗ ನಿಂತಿತು. ಒಂದಕ್ಕೊಂದು ಸಂಬಂಧವಿರಬಹುದೆಂದು, 'ಹೊಗೆಯಿದ್ದಲ್ಲಿ ಬೆಂಕಿ' ಎಂಬ ಅನುಮಾನವನ್ನು ತಲೆಮಾರುಗಳಿಗೆ ಪಾಠ ಹೇಳಿದವರಿಗೆ ಹೊಳೆಯಲಿಲ್ಲ. ಪಾಠ ಹೇಳುವವರಿಗೆ ಹೊಗೆಯೂ ಬೆಂಕಿಯೂ ಪುಸ್ತಕದಲ್ಲೇ ಇರುತ್ತವೆ.

ಪ್ರಯತ್ನದಲ್ಲಿ ಮಾತ್ರ ಅವರು ಕಡಿಮೆ ಮಾಡಲಿಲ್ಲ. ತಂತ್ರಾಂಶದ ಸಹಾಯಪುಟವನ್ನು ಸೂತ್ರವೆಂದು ಭಾವಿಸಿ ಅದಕ್ಕೆ ಮನಸ್ಸಿನಲ್ಲೇ ಭಾಷ್ಯ ಬರೆದರು. 'ತಾತ್ಕಾಲಿಕ ಕಡತಗಳನ್ನು ಅಳಿಸಿ' ಎಂದಿತ್ತು. ಅಕ್ಷರವಿದ್ದ ಕಾಗದದ ಚೂರನ್ನೂ ಕಾಲಿಗೆ ಸೋಕಲು ಬಿಡದ ಮನುಷ್ಯ ಕಣ್ಣು ಮುಚ್ಚಿ, ಕ್ಷಮೆ ಕೇಳಿ, ಅಳಿಸಿದರು. 'ಎರಡು ಆಂಟಿಸ್ಪೈವೇರ್‌ಗಳು ಒಟ್ಟಿಗೆ ಇರಬಾರದು, ಒಂದನ್ನೊಂದು ಶಂಕಿಸಿ ಎರಡೂ ನಿಲ್ಲುತ್ತವೆ' ಎಂದಿತ್ತು. ಭಯದಲ್ಲಿ ಹಾಕಿಸಿಕೊಂಡಿದ್ದ ಎರಡನೆಯದನ್ನು ಕಿತ್ತರು. 'ಸೇಫ್ ಮೋಡ್‌ನಲ್ಲಿ ಓಡಿಸಿ' ಎಂದಿತ್ತು, ಓಡಿಸಿದರು. ಪರದೆ ಕಪ್ಪಾಗಿ, ಅಕ್ಷರ ದೊಡ್ಡದಾಗಿ, ಯಂತ್ರ ವೈರಾಗ್ಯ ತಾಳಿದಂತೆ ಕಂಡಿತು. ಶಾಲು ಹೊದಿಸಿದರು. ನಿಂತಿತು.

ಎಲ್ಲಿ ನಿಲ್ಲುತ್ತದೆಂಬುದನ್ನೂ ಗಮನಿಸಿದರು. ಒಮ್ಮೆ ಫೋಟೋಗಳ ನಡುವೆ, ಒಮ್ಮೆ ಪಂಚಾಂಗದ ಕಡತದಲ್ಲಿ. ಆದರೆ ಹೆಚ್ಚಿನ ಸಲ ಅವರ ಅರ್ಥದ ಟಿಪ್ಪಣಿಗಳಿದ್ದ ಫೋಲ್ಡರಿನಲ್ಲಿ. ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಹೇಳಿದ ಗುರುತುಗಳಲ್ಲಿ ಅಭ್ಯಾಸವೆಂಬುದು ಒಂದು. ಅಂದರೆ ಮತ್ತೆ ಮತ್ತೆ ಬರುವುದು. ಯಾವುದು ಮತ್ತೆ ಮತ್ತೆ ಬರುತ್ತದೋ ತಾತ್ಪರ್ಯ ಅದರಲ್ಲಿದೆ. "ಕಂಡೆಯಾ ಜಯಶ್ರೀ? ಅಂವ ಕೂತಿದ್ದು ನನ್ನ ಟಿಪ್ಪಣಿಯಲ್ಲೇ! ಶಾಸ್ತ್ರ ಸುಳ್ಳಾಗ್ತಿಲ್ಲೆ," ಎಂದರು. ಯಂತ್ರ ಬಿಸಿಯೇರಿ ಸೋಲುವ ಹೊತ್ತಿಗೆ ಸ್ಕ್ಯಾನ್ ಸರಿಸುಮಾರು ಅಲ್ಲಿಗೆ ಮುಟ್ಟಿರುತ್ತಿತ್ತು ಎಂಬುದಷ್ಟೇ ಅದರ ಗುಟ್ಟು. ಶಾಸ್ತ್ರ ಸುಳ್ಳಾಗಲಿಲ್ಲ, ನಿಜ. ಆದರೆ ಅದು ಬೊಟ್ಟುಮಾಡುತ್ತಿದ್ದದ್ದು ಬೇರೊಂದು ತಾತ್ಪರ್ಯದ ಕಡೆಗೆ. ಅದು ತಿಳಿಯಲು ಭಾನುವಾರ ಬರಬೇಕಿತ್ತು.

ಶುಕ್ರವಾರ ಸೋಲೊಪ್ಪಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ನರೇಶ ನಾಯ್ಕನ ಅಂಗಡಿಗೆ ಹೋದರು. ನರೇಶ ಅದನ್ನು ಫ್ಯಾನಿನ ಕೆಳಗೆ, ತಗಡಿನ ಮೇಜಿನ ಮೇಲಿಟ್ಟು ಸ್ಕ್ಯಾನ್ ಹಚ್ಚಿದ. ಹಸಿರು ಪಟ್ಟಿ ಅರ್ಧ ದಾಟಿತು. ಭಟ್ಟರ ಟಿಪ್ಪಣಿಗಳ ಫೋಲ್ಡರನ್ನು ತಲೆಯೆತ್ತಿಯೂ ನೋಡದೆ ಹಾದುಹೋಯಿತು.

"ಓಡ್ತಾ ಅದ್ಯಲ್ಲ ಭಟ್ರೆ! ಎಂತ ಆಗಿತ್ತು ಇದ್ಕೆ?"

"ನಿನ್ನ ಎದುರು ಓಡ್ತದೆ. ನನ್ನ ಎದುರು ನಿಲ್ತದೆ," ಎಂದರು ಭಟ್ಟರು, ಮನೆಯಾಚೆಗಿನ ಕನ್ನಡಕ್ಕೆ ತಿರುಗಿ.

"ಹೌದೇನ? ನಮ್ಮನೆ ಆಕಳೂ ಹಂಗೆಯ. ಡಾಕ್ಟ್ರು ಬಂದ್ರೆ ಹುಷಾರಾಗಿ ನಿಂತ್ಕಳ್ತದೆ. ಸಂಜೆವರೆಗೆ ಇಲ್ಲೇ ಬಿಟ್ಟೋಗಿ, ಪೂರ್ತಿ ನೋಡಿ ಕೊಡ್ತೆ."

ಭಟ್ಟರು ಒಪ್ಪುವವರೇ ಇದ್ದರು. ಅಷ್ಟರಲ್ಲಿ ಮೇಜಿನ ಮೇಲೆ ನರೇಶನ ಮೊಬೈಲು ಹಾಡತೊಡಗಿತು. ಹಾಡಲ್ಲ, ಭಟ್ಕಳದ ಕೂಟದಲ್ಲಿ ಶಾನಭಾಗರು ಹೇಳಿದ "ನಮ್ಮ ಅರಮನೆಯಲ್ಲಿ ಈ ತಿಂಗಳು ಮೀನು ಬೇಯಿಸುವುದಿಲ್ಲ" ಎಂಬ ಮಾತು. ಅದನ್ನೇ ಅವನು ರಿಂಗ್‌ಟೋನ್ ಮಾಡಿಕೊಂಡಿದ್ದ.

ನರೇಶ ನಾಲಿಗೆ ಕಚ್ಚಿಕೊಂಡ. ಭಟ್ಟರು ಓಡುತ್ತಿದ್ದ ಯಂತ್ರವನ್ನು ಹಾಗೇ ಮಡಚಿ ಚೀಲಕ್ಕೆ ಹಾಕಿದರು. ಶತ್ರುಪಾಳಯದಲ್ಲಿ ಕೋಶಾಗಾರವನ್ನು ಬಿಟ್ಟುಹೋಗುವಷ್ಟು ಮೂರ್ಖನೇ ದೂತ?

"ಭಟ್ರೆ, ಬೇಜಾರ ಮಾಡ್ಕಬೇಡಿ! ಅದು ನಮ್ಮ ಹುಡುಗ್ರು ಹಾಕಿದ್ದು!" ಎಂದು ನರೇಶ ಹಿಂದಿನಿಂದ ಕೂಗಿದ್ದು ಮಂಗಳೂರು ಬಸ್ಸಿನ ಹಾರ್ನಿನಲ್ಲಿ ಮುಳುಗಿತು.

ಭಾನುವಾರ ಬಂತು. ಬೆಳಿಗ್ಗೆ ಭಟ್ಟರು ಕಡೆಯ ಸಲವೆಂದು ಸ್ಕ್ಯಾನ್ ಶುರುಮಾಡಿ, ಎಂದಿನಂತೆ ಶಾಲುಗಳ ರಾಶಿಯನ್ನು ಹೊದಿಸಿ, ಸ್ನಾನಕ್ಕೆ ಎದ್ದರು. ಎದ್ದವರಿಗೆ, ಕುಮಟಾದ ವೇದಿಕೆಯಲ್ಲಿ ಹೆಗಲ ಮೇಲೆ ಯಾವ ಶಾಲು ಎಂಬ ಪ್ರಶ್ನೆ ಎದುರಾಯಿತು. ಭಟ್ಕಳದ್ದು ಅಪಶಕುನ. ಕೇಸರಿಯದು ಕಣ್ಣಿಗೆ ಚುಚ್ಚುತ್ತದೆ. ಒಳ್ಳೆಯವೆಲ್ಲ ಯಂತ್ರದ ಸೇವೆಯಲ್ಲಿದ್ದವು.

"ಜಯಶ್ರೀ, ಆ ಮರೂನ್ ಬಣ್ಣದ್ದು ತೆಗೆದು ಕೊಡು. ಅಡೀಲಿದ್ದು, ನೋಡು."

ಜಯಶ್ರೀ ಮೇಲಿನವನ್ನು ಒಂದೊಂದಾಗಿ ತೆಗೆದರು. ಮರೂನ್ ಬಣ್ಣದ್ದು ಯಂತ್ರದ ಕೆಳಗೆ ಹಾಸಿದ್ದು. ಅದಕ್ಕಾಗಿ ಯಂತ್ರವನ್ನೇ ಎತ್ತಬೇಕಾಯಿತು. ಎತ್ತಿದವರು "ಅಯ್ಯೋ!" ಎಂದು ಅದನ್ನು ಪಕ್ಕದ ಮರದ ಮಣೆಯ ಮೇಲೆ ಇಟ್ಟೇಬಿಟ್ಟರು.

"ಇದ್ರ ಮೇಲೆ ದೋಸೆ ಎರೀಲಕ್ಕು! ಎಂತ ಕಥೆ ಇದು? ಈ ಸೆಕೇಲಿ ನಮಗೇ ಒಂದು ಪಂಚೆ ಮೈಮೇಲೆ ಇಟ್ಕಂಬಲೆ ಆಗ್ತಿಲ್ಲೆ. ಇದ್ಕೆ ಇಷ್ಟೆಲ್ಲ ಹೊದಿಸಿ ಉಸಿರು ಕಟ್ಟಿಸಿದ್ರೆ ಅದು ಎಂತ ಮಾಡವು, ಪಾಪ?"

"ಅದು ಗೂಢಚಾರನ ತಾಪ," ಎಂದರು ಭಟ್ಟರು ಗಂಭೀರವಾಗಿ.

"ನಿಮ್ಮ ತಲೆ. ಉಸಿರಾಡಲೆ ಬಿಡಿ ಅದ್ಕೆ," ಎಂದು ಜಯಶ್ರೀ ಶಾಲುಗಳನ್ನೆಲ್ಲ ಮಂಚದ ಮೇಲೆ ಹರವಿದರು.

ಭಟ್ಟರು ಸ್ನಾನ ಮಾಡಿ ಬಂದು ಮರೂನನ್ನು ಹೊದ್ದು ಕನ್ನಡಿ ನೋಡಿದರು. ಹಸಿರನ್ನು ಹೊದ್ದು ನೋಡಿದರು. ಮರೂನಿಗೆ ನುಸಿಗುಳಿಗೆಯ ವಾಸನೆ, ಹಸಿರಿಗೆ ಅಂಚು ಚಿಕ್ಕದು. ಮತ್ತೆ ಮರೂನು. ದೂತನೊಬ್ಬ ಅಲಂಕಾರಕ್ಕೆ ಇಷ್ಟು ಹೊತ್ತು ತೆಗೆದುಕೊಂಡರೆ ಅಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ ಎಂದು ಅವರಿಗೇ ಅನ್ನಿಸಿತು. ಅಷ್ಟರಲ್ಲಿ ಮಣೆಯ ಮೇಲಿನಿಂದ 'ಟಿಂಗ್' ಎಂದು ಸದ್ದಾಯಿತು. ನೋಡಿದರೆ ಹಸಿರು ಪಟ್ಟಿ ಬಲದ ಅಂಚನ್ನು ಮುಟ್ಟಿ ನಿಂತಿದೆ. ಸ್ಕ್ಯಾನ್ ಪೂರ್ಣ. ಕೆಳಗೆ ಸಾರಾಂಶ: ಗೂಢಚಾರ ತಂತ್ರಾಂಶ ಯಾವುದೂ ಇಲ್ಲ. ನಿಮ್ಮ ಗಣಕ ಸುರಕ್ಷಿತ.

ಭಟ್ಟರು ಪರದೆಯನ್ನು ನೋಡಿದರು. ಹೆಗಲ ಮೇಲಿನ ಮರೂನು ಶಾಲನ್ನು ನೋಡಿದರು. ಖಾಲಿ ವ್ಯಾಸಪೀಠವನ್ನು ನೋಡಿದರು. ಶಾಲಿದ್ದಾಗ ನಿಂತಿತು, ಶಾಲಿಲ್ಲದಾಗ ಓಡಿತು. ನರೇಶನ ಅಂಗಡಿಯಲ್ಲೂ ಶಾಲಿರಲಿಲ್ಲ, ಅಲ್ಲಿಯೂ ಓಡಿತು. ಅನ್ವಯ, ವ್ಯತಿರೇಕ. ಪ್ರಥಮ ವರ್ಷದ ಪಾಠ. ಈ ಪಾಠ ಬಾರದಿದ್ದದ್ದಕ್ಕೆ ಅವರು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರೋ! ಮನೆಯಲ್ಲಿ ಬೆಂಚು ಇಲ್ಲವಲ್ಲ ಎಂಬುದು ಆ ಕ್ಷಣಕ್ಕೆ ದೊಡ್ಡ ಸಮಾಧಾನವಾಗಿ ಕಂಡಿತು.

ಆದರೆ ನಾಚಿಕೆಗಿಂತ ಸಂತೋಷ ಮೇಲೆದ್ದಿತು. "ಗೂಢಚಾರ ಇಲ್ಲೆ! ಹಂಗಾರೆ ನನ್ನ ಮಾತು ಭದ್ರ. ಈ ಸಲ ಶಾನಭಾಗ್ರಿಗೆ ಎಂತದೂ ಗೊತ್ತಿಲ್ಲೆ!"

ಶಾಲು ಮಡಚುತ್ತಿದ್ದ ಜಯಶ್ರೀ ಕೈ ನಿಲ್ಲಿಸಿ ಕೇಳಿದರು: "ಗೂಢಚಾರ ಇಲ್ಲದ್ದೇ ಇದ್ರೆ, ಹೋದ ಸಲ ಅವ್ರಿಗೆ ಹ್ಯಾಂಗೆ ಗೊತ್ತಾತು?"

ತರ್ಕದಲ್ಲಿ ಪಳಗಿದ ಪುರುಷನಿಗೆ ಇಂಥ ಪ್ರಶ್ನೆ ಎದುರಾದಾಗ ಒಂದೇ ದಾರಿ. "ಬಸ್ಸಿಗೆ ಹೊತ್ತಾತು," ಎಂದರು.

ಬಸ್ಸಿನಲ್ಲಿ, ಹಳದೀಪುರ ದಾಟುವಾಗ, ಅವರು ಉತ್ತರವನ್ನೂ ಕಂಡುಕೊಂಡರು: ದೊಡ್ಡ ಪ್ರತಿಭೆಗಳಿಗೆ ಒಂದೇ ಮಾತು ಒಮ್ಮೆಗೇ ಹೊಳೆಯುವುದುಂಟು. ಈ ಉತ್ತರ ಅವರಿಗೆ ಬಹಳ ಹಿಡಿಸಿತು. ಪಕ್ಕದಲ್ಲಿ ಕುಳಿತ ಜಯಶ್ರೀಗೆ ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಕುಮಟಾದ ಸಭಾಭವನ ತುಂಬಿತ್ತು. ಏಪ್ರಿಲಿನ ಮಧ್ಯಾಹ್ನ, ಫ್ಯಾನುಗಳು ಬಿಸಿಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಮಾಡುತ್ತಿದ್ದವು. ಭಟ್ಟರು ಮರೂನು ಶಾಲನ್ನು ಎರಡೂ ಹೆಗಲ ಮೇಲೆ ಹೊದ್ದು ದೂತನ ಸ್ಥಾನದಲ್ಲಿ ಕುಳಿತರು. ಎದುರಿಗೆ ಶಾನಭಾಗರು, ಅರ್ಧ ತೋಳಿನ ಅಂಗಿಯಲ್ಲಿ, ಆರಾಮಾಗಿ. ಭಾಗವತರ ಪದ ಮುಗಿಯಿತು. ಭಟ್ಟರು ಪೀಠಿಕೆ ಹಾಕಿದರು, ರಾಜನ ಕುಲವನ್ನು ಹೊಗಳಿದರು, ಬಂದ ಉದ್ದೇಶವನ್ನು ಹೇಳಿದರು. ಶಾನಭಾಗರು ತಡೆಯಲಿಲ್ಲ. ಕಣ್ಣು ಅರ್ಧ ಮುಚ್ಚಿ ಕೇಳಿದರು. ಭಟ್ಟರ ಎದೆ ಹಗುರಾಯಿತು. ದನಿಯೇರಿಸಿ ಹೇಳಿದರು:

"ಮಹಾರಾಜ! ನದಿಯೂ ಕಡಲೂ ಒಂದನ್ನೊಂದು ನುಂಗದೆ ಕೂಡುವ ಸ್ಥಳವೊಂದಿದೆ. ಸಂಧಿಯೆಂದರೆ ಅದೇ. ಅದು ಯಾವುದೆಂದು ಬಲ್ಲೆಯಾ?"

"ಅಳಿವೆ!"

ಹೇಳಿದ್ದು ಶಾನಭಾಗರಲ್ಲ. ಮುಂದಿನ ಸಾಲು. ಅದರ ಹಿಂದಿನ ಸಾಲು. ಬಾಗಿಲಲ್ಲಿ ನಿಂತು ಸೋಡಾ ಕುಡಿಯುತ್ತಿದ್ದವರು. ಆರತಿಯ ಹೊತ್ತಿಗೆ ಊರವರೆಲ್ಲ ಒಟ್ಟಿಗೆ ದನಿಗೂಡಿಸುವ ಹಾಗೆ, ದ್ವೇಷವಿಲ್ಲದೆ, ಗೇಲಿಯೂ ಅಷ್ಟಾಗಿ ಇಲ್ಲದೆ, ರೂಢಿಯಿಂದ. ಹೇಳಿದ ಮೇಲೆ ತಮ್ಮ ಒಕ್ಕೊರಲಿಗೆ ತಾವೇ ನಕ್ಕರು. ಹೆಂಗಸರ ಸಾಲಿನಲ್ಲಿ ಜಯಶ್ರೀ ಮಾತ್ರ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಭಟ್ಟರಿಗೆ ಆಗ ಒಂದೊಂದಾಗಿ ನೆನಪಾಯಿತು. ಈ ಅಳಿವೆಯನ್ನು ಅವರು ಎಷ್ಟು ಮದುವೆಗಳ ಆಶೀರ್ವಚನದಲ್ಲಿ ಹರಿಸಿದ್ದರು! ಉಪನಯನದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಸಹಕಾರಿ ಸಂಘದ ಬೆಳ್ಳಿಹಬ್ಬದಲ್ಲಿ, ದೋಣಿಯೊಂದನ್ನು ನೀರಿಗಿಳಿಸಿದ ಪೂಜೆಯಲ್ಲಿ. ಪ್ರತಿ ಸಲವೂ ಅದು ಆಗತಾನೇ ಹೊಳೆದಂತೆ ಅನ್ನಿಸಿತ್ತು. ಪ್ರತಿ ಸಲವೂ ಹೊಸ ಕಡತ ತೆರೆದು ಬರೆದಿಟ್ಟಿದ್ದರು. ಭಟ್ಕಳದ ಅವಮಾನದ ಮೇಲೂ, ಇದು ಬೇರೆಯೇ ಮಾತು ಎಂದುಕೊಂಡು ಇನ್ನೊಂದು ಕಡತ ತೆರೆದಿದ್ದರು. ಮತ್ತೆ ಮತ್ತೆ ಬರುವುದರಲ್ಲಿ ತಾತ್ಪರ್ಯವಿದೆ. ಶಾಸ್ತ್ರ ವಾರದಿಂದ ಇದನ್ನೇ ಹೇಳುತ್ತಿತ್ತು.

ದೂತನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬೆನ್ನಿನ ಮೇಲೆ ಬೆವರು ಧಾರೆಯಾಗಿ ಇಳಿಯಿತು. ಮದ್ದಳೆಯವರು ಮೌನವನ್ನು ತುಂಬಲು ಮೆಲ್ಲನೆ ಬಡಿಯತೊಡಗಿದರು. ಭಾಗವತರು ಇನ್ನೊಂದು ಪದ ಎತ್ತಲೋ ಬೇಡವೋ ಎಂದು ಇತ್ತ ನೋಡಿದರು. ದೇವರ ಮುಂದೆ ಆಡಿದ ಮಾತು ಭಟ್ಟರ ಕಿವಿಯಲ್ಲಿ ಮೊಳಗಿತು: ಇನ್ನೊಮ್ಮೆ ಹೀಗಾದರೆ ಬಿಟ್ಟೆ. ಇಲ್ಲಿಗೆ ಮುಗಿಯಿತು, ಎದ್ದು ಕೈಮುಗಿಯುವುದೊಂದೇ ಬಾಕಿ. ಮುಗಿಯಲೆಂದು ಕೈ ಎತ್ತಿದರೆ ಶಾಲು ತೊಡರಿತು. ಒಳಗೆ ಮೈ ಕಾದ ಹೆಂಚಾಗಿತ್ತು.

ಉಸಿರಾಡಲೆ ಬಿಡಿ ಅದ್ಕೆ.

ಭಟ್ಟರು ಶಾಲನ್ನು ಎರಡೂ ಕೈಗಳಿಂದ ಎತ್ತಿ, ಮಡಚಿ, ಪಕ್ಕಕ್ಕಿಟ್ಟರು. ಫ್ಯಾನಿನ ಗಾಳಿ, ಅದು ಎಂಥದೇ ಆಗಿರಲಿ, ಕತ್ತಿಗೆ ತಾಕಿತು. ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಬರೆದಿಟ್ಟದ್ದರಲ್ಲಿ ಎಲ್ಲಿಯೂ ಇಲ್ಲದ ದನಿಯಲ್ಲಿ ಹೇಳಿದರು:

"ಮಹಾರಾಜ, ನಿನ್ನ ಸಭೆಗೆ ಬರುವ ಮೊದಲು ನನ್ನ ಮನೆಯಲ್ಲಿ ಗೂಢಚಾರನೊಬ್ಬನಿದ್ದಾನೆಂದು ವಾರವಿಡೀ ಹುಡುಕಿದೆ. ನನ್ನ ಮಾತುಗಳೆಲ್ಲ ನಾನು ಆಡುವ ಮೊದಲೇ ನಿನಗೆ ತಲುಪುತ್ತಿದ್ದವಲ್ಲ, ಅದಕ್ಕೆ. ಮೂಲೆಮೂಲೆ ಶೋಧಿಸಿದೆ. ಯಾರೂ ಸಿಗಲಿಲ್ಲ. ಸಿಗುವುದು ಹೇಗೆ? ನನ್ನ ಗುಟ್ಟನ್ನು ಊರೂರಿಗೆ ಹಂಚಿದವನು ನಾನೇ. ಹೇಳಿದ್ದನ್ನೇ ಹೇಳಿ, ಹೇಳಿದ್ದನ್ನೇ ಹೇಳಿ, ಈಗ ನಿನ್ನ ಪ್ರಜೆಗಳೆಲ್ಲ ನನ್ನ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು. ಮಾತು ಮುಗಿದ ದೂತ ನಿನ್ನ ಮುಂದೆ ಕುಳಿತಿದ್ದಾನೆ. ನಗು."

ಯಾರೂ ನಗಲಿಲ್ಲ. ಮದ್ದಳೆ ನಿಂತಿತ್ತು.

"ಆದರೆ ರಾಜ, ನೀನೂ ಒಮ್ಮೆ ನಿನ್ನ ಅರಮನೆಯನ್ನು ಹುಡುಕಿಸು. ಯುದ್ಧಕ್ಕೆ ನೀನು ಹೇಳುವ ಕಾರಣಗಳಲ್ಲಿ ಹೊಸದು ಒಂದಾದರೂ ಇದೆಯೆ? ನಿನ್ನ ತಂದೆ ಹೇಳಿದ್ದು, ಅವನ ತಂದೆ ಹೇಳಿದ್ದು, ಅದನ್ನೇ ನೀನೂ ಹೇಳುತ್ತಿದ್ದೀಯೆ. ನಾವಿಬ್ಬರೂ ಹಳೆಯ ಮಾತಿನವರೇ. ವ್ಯತ್ಯಾಸ ಇಷ್ಟೇ: ನನ್ನ ಹಳೆಯ ಮಾತಿಗೆ ಸಭೆ ನಗುತ್ತದೆ, ನಿನ್ನ ಹಳೆಯ ಮಾತಿಗೆ ಸೈನ್ಯ ಸಾಯುತ್ತದೆ."

ಶಾನಭಾಗರ ಬಲಗೈ ಉತ್ತರ ಕೊಡಲೆಂದು ಮೇಲೆದ್ದು ನಡುದಾರಿಯಲ್ಲಿ ನಿಂತುಬಿಟ್ಟಿತು. ವಾರದಿಂದ ಇಂಥ ನಿಲುಗಡೆಗಳನ್ನು ಹತ್ತಿರದಿಂದ ನೋಡಿದ್ದ ಭಟ್ಟರಿಗೆ ಅದು ಏನೆಂದು ತಟ್ಟನೆ ಗೊತ್ತಾಯಿತು. ಭಾಗವತರು ಹಿರಿಯರು, ತಿಳಿದವರು; ರಾಜನ ಮರ್ಯಾದೆ ಉಳಿಸಲು ಮುಂದಿನ ಪದವನ್ನು ಎತ್ತಿಕೊಂಡರು. ಆಗ ಸಭೆಯಲ್ಲಿ ಚಪ್ಪಾಳೆ ಬಿತ್ತು.

ಕೂಟ ಮುಗಿದ ಮೇಲೆ ಚಹಾ ಕುಡಿಯುವಾಗ ಶಾನಭಾಗರು ಭಟ್ಟರ ಪಕ್ಕಕ್ಕೆ ಬಂದು ಕುಳಿತರು.

"ಅರೇ ಭಟ್ರೆ, ಎಂತ ಕೊಟ್ರಿ ಮಾರಾಯ್ರೆ! ನನ್ನ ಮಗಳ ಮದುವೇಲಿ ನೀವು ಅಳಿವೆ ಹೇಳಿದ್ರಿ. ಮೊಮ್ಮಗನ ಮುಂಜಿಗೂ ಅಳಿವೆಯೇ ಹೇಳಿದ್ರಿ. ನಮ್ಮನೆಯವಳು ಅದನ್ನ ಕೊಂಕಣಿಯಲ್ಲಿ ಪೂರಾ ಹೇಳ್ತಾಳೆ. ಇವತ್ತೂ ಅದೇ ಅಂತ ನಾನು ಆರಾಮಿದ್ದೆ."

"ಮತ್ತೆ ಈ ಸಲ ನೀವು ತಡೀಲೇ ಇಲ್ವಲ್ಲ?"

"ಭಟ್ಕಳದಲ್ಲಿ ತಡೆದಿದ್ದಕ್ಕೆ ಮನೇಲಿ ಬೈಸಿಕೊಂಡೆ. ಪಾಪ, ಅವರಿಗೆ ಇರೋದೇ ಒಂದು ಅಳಿವೆ, ಅದಕ್ಕೂ ಅಡ್ಡಗಟ್ಟೆ ಹಾಕ್ತೀರಾ ಅಂದ್ಳು." ಶಾನಭಾಗರು ಹೊಟ್ಟೆ ಹಿಡಿದು ನಕ್ಕರು. ಭಟ್ಟರು ಅವಮಾನವೆನಿಸೀತೆಂದು ಒಂದು ಕ್ಷಣ ಕಾದರು. ಅದು ಬಾರದಿರಲು ತಾವೂ ನಕ್ಕರು. ನಗುವಿನಲ್ಲಿ ಚಹಾ ಪಂಚೆಯ ಮೇಲೆ ತುಳುಕಿತು.

ಸಂಜೆಯ ಬಸ್ಸಿನಲ್ಲಿ ಧಾರೇಶ್ವರದವರೆಗೂ ಭಟ್ಟರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಸಂಘಟಕರು ಕೊಟ್ಟ ಹೊಸ ಶಾಲು, ನೀಲಿ ಬಣ್ಣದ್ದು, ಜಯಶ್ರೀಯ ಮಡಿಲಲ್ಲಿತ್ತು.

"ದೇವ್ರ ಎದುರು ಎಂತದೋ ಆಡಿದ್ರಿ. ಬಿಡ್ತ್ರಾ ಹಂಗಾರೆ?" ಎಂದು ಅವರು ಕೇಳಿದರು.

"ಭಟ್ಕಳದಂಗೆ ಆದ್ರೆ ಬಿಡ್ತಿ ಹೇಳಿದ್ದು. ಇವತ್ತು ಭಟ್ಕಳದಂಗೆ ಆಯ್ದಿಲ್ಲೆ. ದೇವ್ರಿಗೂ ವ್ಯತ್ಯಾಸ ತಿಳಿತು."

ಜಯಶ್ರೀ ನಕ್ಕರು. ಹಳದೀಪುರ ಬಂತು. ಭಟ್ಟರ ತುಟಿಗಳು ಅಲುಗುತ್ತಿದ್ದವು. 'ನನ್ನ ಹಳೆಯ ಮಾತಿಗೆ ಸಭೆ ನಗುತ್ತದೆ...' ಎಂಥ ಮಾತು! ಲಯವಿದೆ, ಪೆಟ್ಟಿದೆ. ಮರೆತುಹೋಗುವ ಮೊದಲು ಬರೆದಿಡಬೇಕು. ಮುಂದಿನ ವಾರ ಗೇರುಸೊಪ್ಪೆಯಲ್ಲಿ ಒಂದು ಉಪನಯನವಿದೆ. ಸೈನ್ಯದ ಬದಲು ಬೇರೇನಾದರೂ ಹಾಕಿದರೆ ಅಲ್ಲಿಯೂ ಹೊಂದೀತು. ಅದರ ಮುಂದಿನ ವಾರ ಮಂಕಿಯಲ್ಲಿ ಗೃಹಪ್ರವೇಶ.

"ಮನೆಗೆ ಹೋದ ಕೂಡ್ಲೆ ಕಂಪ್ಯೂಟರ್ ಹಚ್ಚವು," ಎಂದರು ಗಡಿಬಿಡಿಯಿಂದ.

"ಹೊಸ ಕಡತವಾ?" ಎಂದರು ಜಯಶ್ರೀ.

ಭಟ್ಟರು ಬೆರಳಲ್ಲಿ ಮಾತಿನ ಲಯ ಎಣಿಸುತ್ತಿದ್ದರು.

"ಬರಕಳಿ. ಆದ್ರೆ ಈ ಶಾಲು ಅದ್ರ ಮೇಲೆ ಹಾಕಡಿ," ಎಂದು ಹೇಳಿ ಜಯಶ್ರೀ ನೀಲಿ ಶಾಲನ್ನು ಚೀಲದ ತಳಕ್ಕೆ ತುರುಕಿದರು.